ಪಾಡ್ಯದ ಸಗಣಿ ಯಾರಿಗೂ ಇಲ್ಲ

ನಮ್ಮ ಗಲ್ಲಿಗೆ ಎಮ್ಮೆಗಳು ಮೊದಲು ಬಂದವು, ಊರು ಆಮೇಲೆ ಬಂತು. ಹಳೇ ಹುಬ್ಬಳ್ಳಿಯ ಗವಳಿಗರಾದ ನಾವು ಹೇಳಿಕೊಳ್ಳುವುದು ಹಾಗೆ. ದಾಖಲೆ ಕೇಳಿದರೆ ನನ್ನ ಹತ್ತಿರ ಇಲ್ಲ. ನನ್ನ ಅತ್ತೆಯ ಬಾಯಿ ಇದೆ, ಅಷ್ಟು ಸಾಕು. ಆಚೀಚೆ ಮಹಡಿ ಮನೆ ಕಟ್ಟಿಸಿದವರು ಮಧ್ಯಾಹ್ನ ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಕೊಟ್ಟಿಗೆ ದಾಟುತ್ತಾರೆ. ಬೆಳಿಗ್ಗೆ ಅವರೇ ಪಾತ್ರೆ ಹಿಡಿದು ಗಟ್ಟಿ ಹಾಲಿಗೆ ಸರದಿಯಲ್ಲಿ ನಿಂತಿರುತ್ತಾರೆ. ಹಾಲು ಹಾಕುವಾಗ ನಾನು ನಗುತ್ತೇನೆ. ವ್ಯಾಪಾರವಲ್ಲವೇ, ನಗಬೇಕು.

ಅವರ ದೂರಿನ ಮೇಲೆ ನಮಗೆ ಪಾಲಿಕೆಯ ನೋಟಿಸು ಬಂದಿತ್ತು. ಎಮ್ಮೆಗಳನ್ನು ಊರ ಹೊರಗೆ ಸಾಗಿಸಬೇಕು, ಗಟಾರಕ್ಕೆ ಸಗಣಿ ಹರಿಯುತ್ತಿದೆ, ಸೊಳ್ಳೆ ಕಾಟ ಹೆಚ್ಚಿದೆ. ಗಟಾರದ ಮಾತು ಸುಳ್ಳಲ್ಲ. ಆದರೆ ಊರ ಹೊರಗೆ ನಮಗೆ ಜಾಗ ಯಾರು ಇಟ್ಟುಕೊಂಡು ಕೂತಿದ್ದಾರೆ? ನಸುಕಿನಲ್ಲಿ ಅಲ್ಲಿಗೆ ಹೋಗಿ ಹಿಂಡಿ, ಹಾಲು ಒಡೆಯುವುದರೊಳಗೆ ಇಲ್ಲಿಗೆ ತರುವುದು ಹೇಗೆ? ಎಮ್ಮೆ ಹೋದರೆ ಈ ಗಲ್ಲಿಯಲ್ಲಿ ನಾವು ಬಾಡಿಗೆಗೆ ಇದ್ದವರ ಹಾಗೆ ಆಗುತ್ತಿದ್ದೆವು.

ಆಗ ಯೋಜನೆ ಬಂತು. ದಿಲ್ಲಿಯ ಅನುದಾನ ಬೆಂಗಳೂರಿಗೆ ಬಂದು, ಬೆಂಗಳೂರಿನಿಂದ ನಮ್ಮ ಊರಿಗೆ ಇಳಿದಿತ್ತು. ಪಾಲಿಕೆ ಕಚೇರಿಯಿಂದ ಒಬ್ಬ ಅಧಿಕಾರಿ ಹೆಣ್ಣುಮಗಳು ಜೀಪಿನಲ್ಲಿ ಬಂದು ನಮ್ಮ ಗುಡಿಯ ಕಟ್ಟೆಯ ಮೇಲೆ ಕೂತು ವಿವರಿಸಿದರು. ರಾಶಿ ಬಿದ್ದು ಕೊಳೆಯುವ ಸಗಣಿಯಿಂದ ಒಂದು ಅನಿಲ ಏಳುತ್ತದೆ, ಭೂಮಿ ಬಿಸಿಯಾಗುವುದಕ್ಕೆ ಅದೂ ಒಂದು ಕಾರಣ. ತೊಟ್ಟಿ ಕಟ್ಟಿ ಅದನ್ನು ಹಿಡಿದರೆ ಮನೆಮನೆಗೆ ಒಲೆ ಉರಿಯುತ್ತದೆ.

ಅತ್ತೆಗೆ ಮೊದಲ ಅರ್ಧವಷ್ಟೇ ಕೇಳಿಸಿತು. "ಗಟಾರ ಆತು, ಸೊಳ್ಳಿ ಆತು, ಈಗ ಭೂಮಿ ಸುಡೋದೂ ನಮ್ಮ ಎಮ್ಮೀನ ಏನ್ರಿ? ಹೊಗಿ ಉಗುಳೋ ನಿಮ್ಮ ಜೀಪು ಹಾಲು ಕೊಡತೈತೇನು?" ಎಂದರು. ಅಧಿಕಾರಿ ನಕ್ಕರು. ಕೆಟ್ಟವರಲ್ಲ ಅವರು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ನಾನು ಎರಡನೆಯ ಅರ್ಧವನ್ನು ಹಿಡಿದುಕೊಂಡೆ. ತೊಟ್ಟಿ ಸರಿಯಾಗಿ ನಡೆಯುತ್ತದೆ ಎಂದು ತಪಾಸಣೆಯಲ್ಲಿ ಕಂಡರೆ ಅನುದಾನದ ಎರಡನೇ ಕಂತು ಬರುತ್ತದೆ, ಅದರಲ್ಲಿ ಗಟಾರ ಮುಚ್ಚುತ್ತಾರೆ, ನೋಟಿಸು ವಾಪಸಾಗುತ್ತದೆ. ನಮಗೆ ಬೇಕಾಗಿದ್ದದ್ದು ಅದೇ. ದಿನವೂ ಎಲ್ಲ ಕೊಟ್ಟಿಗೆಗಳ ಸಗಣಿ ತೊಟ್ಟಿಗೆ ಹಾಕುತ್ತೇವೆ ಎಂದು ಗಲ್ಲಿಯವರೆಲ್ಲ ಒಪ್ಪಿದೆವು.

ತೊಟ್ಟಿ ಎದ್ದಿತು. ಮಳೆಗಾಲ ಕಳೆಯಿತು. ಮದುವೆ ಇದ್ದ ಮನೆಯವರೂ ಸಗಣಿ ತಂದು ಸುರಿದರು, ಹೆಣ ಎತ್ತಿದ ಮನೆಯವರೂ ಸಂಜೆ ಬುಟ್ಟಿ ಹೊತ್ತು ಬಂದರು. ನೀಲಿ ಉರಿಯ ಮೇಲೆ ಮೊದಲ ರೊಟ್ಟಿ ಉಬ್ಬಿತು. ಎರಡನೇ ರೊಟ್ಟಿಯನ್ನು ಅತ್ತೆ ತಾವೇ ಬಡಿದು ಹಂಚಿನ ಮೇಲೆ ಹಾಕಿದರು. ಅದೇ ಅವರ ಒಪ್ಪಿಗೆ.

ತಪ್ಪು ಆದದ್ದು ದೀಪಾವಳಿಯಲ್ಲಿ. ಅಮಾವಾಸ್ಯೆಯಿಂದ ಪಾಡ್ಯದವರೆಗೆ ನಮ್ಮ ಗಲ್ಲಿಯಲ್ಲಿ ಸಗಣಿ ಅಂಗಳ ದಾಟಿ ಹೊರಗೆ ಹೋಗುವುದಿಲ್ಲ. ಅದು ಆ ಮನೆಯ ಲಕ್ಷ್ಮಿ. ಅದರಿಂದಲೇ ಕೊಟ್ಟಿಗೆ ಕಾಯುವ ಹಟ್ಟೆವ್ವನನ್ನು, ಪಾಂಡವರನ್ನು ಮಾಡಿ ಹೊಸ್ತಿಲ ಹತ್ತಿರ ಕೂರಿಸಿ, ಸುತ್ತ ಕೋಟೆ ಕಟ್ಟಿ, ಚೆಂಡುಹೂವು ಸಿಕ್ಕಿಸಿ, ಹಾಲು ಮೊಸರಿನ ನೈವೇದ್ಯ ಮಾಡುತ್ತೇವೆ. ಎಮ್ಮೆಗಳ ಕೋಡಿಗೆ ಬಣ್ಣ ಬಳಿದು, ಕವಡೆ ಸರ ಕಟ್ಟಿ ಬೀದಿಯಲ್ಲಿ ಓಡಿಸುತ್ತೇವೆ. ದಿನವೂ ಸಗಣಿ ಹಾಕುತ್ತೇವೆ ಎಂದು ಒಪ್ಪುವಾಗ ಈ ಹಬ್ಬವನ್ನು ಬಿಟ್ಟು ಎಂದು ನಮ್ಮಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳುವುದೇನು ಎಂದುಕೊಂಡಿದ್ದೆವು. ಸರ್ಕಾರಕ್ಕೆ ಗೊತ್ತಿರಲಿಲ್ಲ. ಮೇಲಾಗಿ ಹಬ್ಬದ ಅಡಿಗೆ ಬೇರೆ. ಮನೆಮನೆಯಲ್ಲೂ ಹೋಳಿಗೆ, ಕಡುಬು. ಇದ್ದ ಗ್ಯಾಸೆಲ್ಲ ಉರಿದು, ಗ್ಯಾಸು ತುಂಬಿದಾಗ ಮೇಲೇಳುವ ತೊಟ್ಟಿಯ ಡ್ರಮ್ಮು ತಳಕ್ಕೆ ಕೂತಿತು.

ಪಾಡ್ಯದ ಸಂಜೆ ತೊಟ್ಟಿ ಕಟ್ಟಿದ ಗುತ್ತಿಗೆದಾರ ಓಡೋಡಿ ಬಂದ. ಮರುದಿನ ಬೆಳಿಗ್ಗೆಯೇ ತಪಾಸಣೆ ಎಂದು ಸುದ್ದಿ ತಂದಿದ್ದ. ಡ್ರಮ್ಮು ನೋಡಿ ತಲೆಯ ಮೇಲೆ ಕೈ ಹೊತ್ತು, "ಅಕ್ಕಾರ, ಈ ಪಾಂಡವರನ್ನ ಎತ್ತಿ ತೊಟ್ಟಿಗೆ ಹಾಕಿಬಿಡ್ರಿ. ಹಬ್ಬ ಮುಗೀತಲ್ಲ" ಎಂದ.

ಅತ್ತೆ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟರು. "ಮುಟ್ಟಿ ನೋಡು" ಎಂದರು. ಅವನು ಮುಟ್ಟಲಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು ಇನ್ನೊಂದು ಉಪಾಯ ಹೇಳಿದ. "ಗ್ವಾಡಿ ಹಿಂದ ಒಂದು ಸಿಲಿಂಡರ್ ಇಟ್ಟು ಪೈಪಿಗೆ ಜೋಡಸ್ತೇನಿ. ಒಲಿ ಭರ್ ಅಂತ ಉರೀತಾವ. ಒಂದ ತಾಸಿನ ಮಾತು, ಯಾರಿಗೂ ತಿಳಿಯಂಗಿಲ್ಲ."

ಅತ್ತೆ ನನ್ನ ಮುಖ ನೋಡಿದರು. ಎಮ್ಮೆ ಉಳಿಯುವುದಾದರೆ ಸಿಲಿಂಡರಿಗೆ ಅವರ ಅಡ್ಡಿ ಇರಲಿಲ್ಲ, ಅದು ನನಗೆ ಕಂಡಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ತಿಂಗಳುಗಟ್ಟಲೆ ಬುಟ್ಟಿ ಹೊತ್ತವರು ನಾವು. ನಮ್ಮ ಉರಿ ನಿಜವಾದದ್ದು. ಒಂದು ತಾಸಿಗಾಗಿ ಅದನ್ನು ಸುಳ್ಳು ಮಾಡಿ, ಮುಂದೆ ಜೀವಮಾನವೆಲ್ಲ ಈ ಮನುಷ್ಯನಿಗೆ ಹೆದರಿಕೊಂಡು ಇರಬೇಕೇ? "ಬ್ಯಾಡ್ರಿ. ಸಿಲಿಂಡರ್ ನಿಮ್ಮ ಮನ್ಯಾಗ ಇಟ್ಕೋರಿ" ಎಂದೆ. ಸಿಟ್ಟಾದ ಅತ್ತೆ ಆ ರಾತ್ರಿ ಚಾಪೆ ಒಯ್ದು ಎಮ್ಮೆಗಳ ಹತ್ತಿರ ಮಲಗಿದರು.

ಬೆಳಿಗ್ಗೆ ಅಧಿಕಾರಿ ಬಂದರು. ಮೊದಲು ನಮ್ಮ ಮನೆಯ ಒಲೆಯನ್ನೇ ಹಚ್ಚಿ ನೋಡಿದರು. ಉರಿ ಒಮ್ಮೆ ಮಿಣುಕಿ ಹೋಯಿತು. ಮತ್ತೊಂದು ಮನೆ, ಮಗದೊಂದು ಮನೆ. ಅವರ ಮುಖ ಸಣ್ಣದಾಯಿತು. "ಏನಾತ್ರಿ ಇದು? ಛಲೋ ನಡದಿತ್ತಲ್ಲ?" ಎಂದು ಕೇಳಿದರು.

"ಹಬ್ಬಾ ಮಾಡೀವ್ರಿ" ಎಂದೆ. ಹೊಸ್ತಿಲ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. "ನಿಮ್ಮ ಗ್ಯಾಸು ಇಲ್ಲಿ ಕುಂತೈತಿ ನೋಡ್ರಿ. ಇವತ್ತಿನಿಂದ ಮತ್ತ ಹಾಕತೇವಿ. ಎಂಟು ದಿನ ಬಿಟ್ಟು ಬರ್ರಿ, ಉರಿ ನೋಡ್ರಿ."

ಅವರು ಚಪ್ಪಲಿ ಬಿಟ್ಟು ಬಗ್ಗಿ ನೋಡಿದರು. ಕೈ ಮುಗಿದರು ಕೂಡ. ಆದರೆ ಎದ್ದು ನಿಂತಾಗ ಮತ್ತೆ ಅಧಿಕಾರಿಯೇ ಆಗಿದ್ದರು. "ನಾ ಇವತ್ತ ಕಂಡದ್ದನ್ನ ಬರೀಬೇಕ್ರಿ."

"ಬರೀರಿ. ಯಾಕಂತನೂ ಬರೀರಿ."

ಅವರು ಏನು ಬರೆದರೋ ತಿಳಿಯದು. ಎರಡನೇ ಕಂತು ತಡೆಹಿಡಿಯಲಾಗಿದೆ ಎಂದು ತಿಳಿಸಿ ನಮ್ಮನ್ನು ಕಚೇರಿಗೆ ಕರೆದರು. ಇಡೀ ಗಲ್ಲಿಯ ಪರವಾಗಿ ನಾನು ಹೋದೆ. ಅತ್ತೆಯೂ ಹೊರಟರು, ಸಿಟ್ಟು ಇಳಿದಿರಲಿಲ್ಲ. ನೋಟಿಸು ಮತ್ತೆ ಜೀವ ಪಡೆದಿತ್ತು. ಅದೇ ಅಧಿಕಾರಿ ಮೆತ್ತಗಿನ ದನಿಯಲ್ಲಿ ದಾರಿ ತೋರಿಸಿದರು. ವರ್ಷದಲ್ಲಿ ಒಂದು ದಿನವೂ ತಪ್ಪಿಸುವುದಿಲ್ಲ, ಹಬ್ಬದಲ್ಲೂ ಸಗಣಿ ಹಾಕುತ್ತೇವೆ ಎಂದು ಹೊಸದಾಗಿ ಸಹಿ ಮಾಡಿಕೊಟ್ಟರೆ ಕಂತು ಬಿಡಿಸಬಹುದು. "ಪಾಂಡವರನ್ನ ಸಣ್ಣ ಮಾಡ್ರಿ, ಮಣ್ಣಾಗರ ಮಾಡ್ರಿ. ನಂಗೂ ತಿಳಿತೈತಿ, ಆದ್ರ ಯೋಜನಿ ದಿಲ್ಲಿದು. ಅದರಾಗ ಹಬ್ಬಕ್ಕ ಜಾಗ ಇಲ್ಲ."

ನಾನು ಪೆನ್ನು ಮುಟ್ಟಲಿಲ್ಲ. ಭೂಮಿ ತಂಪಾಗಲಿ ಎಂದು ನನಗೂ ಇದೆ. ಈ ಸಲದ ಬೇಸಿಗೆಯಲ್ಲಿ ನಾಲಿಗೆ ಹೊರಗೆ ಹಾಕಿ ನಿಂತ ಎಮ್ಮೆಗಳ ಮೈಮೇಲೆ ಕೊಡಗಟ್ಟಲೆ ನೀರು ಹೊಯ್ದವಳು ನಾನು. ಕಂತು ಬಂದರೂ ಬಾರದಿದ್ದರೂ ತೊಟ್ಟಿಗೆ ಸಗಣಿ ಹಾಕುತ್ತಲೇ ಇದ್ದೇವೆ, ಅವರು ಹೇಳಿದರೆಂದು ಅಲ್ಲ. ಆದರೆ ನಮ್ಮ ಮನೆಯ ಲಕ್ಷ್ಮಿಯನ್ನು ಯಾವ ದಿನ ಕೊಡಬೇಕು, ಯಾವ ದಿನ ಇಟ್ಟುಕೊಳ್ಳಬೇಕು ಎನ್ನುವುದು ನಮ್ಮ ಮಾತು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ.

ಅತ್ತೆ ನನ್ನ ಮೊಣಕೈ ಹಿಡಿದು ಎದ್ದು ನಿಂತರು. "ಬಾಯಾರ, ದಿಲ್ಲಿಯವರಿಗೆ ಹೇಳ್ರಿ" ಎಂದರು. "ಪಾಡ್ಯಕ್ಕ ನಮ್ಮ ಗಲ್ಲಿಗೆ ಬರ್ರಿ ಅನ್ರಿ. ಗಟಾರದ ನಾತಕ್ಕ ಉಳ್ಳಾಗಡ್ಡಿ ಹೆಚ್ಚಿದಂಗ ಕಣ್ಣೀರು ಬರಲಿ, ಚಿಂತಿಲ್ಲ. ತುಪ್ಪಾ ಹಾಕಿ ಹೋಳಿಗಿ ಬಡಸ್ತೇವಿ, ಗಟ್ಟಿ ಹಾಲು ಕೊಡತೇವಿ. ಅವತ್ತಿನ ಸಗಣಿ ಮಾತ್ರ ಕೊಡಂಗಿಲ್ಲ. ಮತ್ತ ಎಮ್ಮಿ ಹೊಡಕೊಂಡು ಹೋಗಾಕ ಯಾರರ ಬರೋರಿದ್ರ, ಮೊದಲ ನನ್ನ ಸೊಸಿ ಮುಂದ ಬಂದು ನಿಂದರಾಕ ಹೇಳ್ರಿ."