ನಿಷತಳ ಅಂಗೈ

ಆಲಮೇಲದ ನಿಷತ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಯಲ್ಲಿ ಚಿನ್ನ ಗೆದ್ದವಳು. ಆದರೆ ಅವಳು ರಜೆಗೆ ಊರಿಗೆ ಬಂದಳೆಂದರೆ ಮೊದಲು ಅಂಜುವುದು ಮನೆಯ ಜೋಳದ ಹಿಟ್ಟಿನ ಡಬ್ಬಿ; ಅವಳು ರೊಟ್ಟಿ ತಿನ್ನಲು ಕೂತರೆ ಅದರ ತಳ ಕಾಣುತ್ತದೆ. ಸುಮ್ಮನೆ ಕೂತು ಅವಳಿಗೆ ಗೊತ್ತೇ ಇಲ್ಲ. ಬಾವಿಯ ಹಗ್ಗಕ್ಕೆ ಕೈ ಹಾಕಿದರೆ ಕೊಡ ಹಾರಿಕೊಂಡೇ ಬರುತ್ತದೆ. "ಸಾವಕಾಶ ಎಳಿಯವಾ, ಬಾವೀನ ಮ್ಯಾಲ ಬಂದೀತು!" ಎಂದು ನೆರೆಮನೆಯ ರುಕ್ಮವ್ವ ನಗುತ್ತಾಳೆ. ಸಿಂದಗಿಯ ಸತ್ಕಾರ ಸಭೆಯಲ್ಲಿ ಈ ಆಟ ಹೇಗೆಂದು ಕೇಳಿದವರಿಗೆ, "ಹಿಂದ ಮಾರಿ ಮಾಡಿ ಕುಂದ್ರೂದು, ಎಲ್ಲಾರಕಿಂತ ಮುಂದ ಹೋಗೂದ್ರಿ" ಎಂದಷ್ಟೇ ಹೇಳಿ ಕೂತುಬಿಟ್ಟಳು. ಯಾರಾದರೂ ಕೈ ಕುಲುಕಲು ಬಂದರೆ ಮಾತ್ರ ದೂರದಿಂದಲೇ ಕೈ ಮುಗಿದು ಪಾರಾಗುತ್ತಾಳೆ. ವರ್ಷಗಟ್ಟಲೆ ಹುಟ್ಟು ಹಾಕಿ ಅವಳ ಅಂಗೈ ಜಡ್ಡುಗಟ್ಟಿ ಹೋಗಿದೆ. ಮೊನ್ನೆ ತಂಗಿಯ ಹಸುಗೂಸನ್ನೂ ಕೈಯ ಹಿಂಬದಿಯಿಂದಲೇ ಸವರುತ್ತಿದ್ದಳು. ಹಾಗ್ಯಾಕೆ ಎಂದು ತಾಯಿ ರೋಷನಬಿ ಕೇಳಿದಳು. "ಅಂಗೈ ಭಾಳ ಒರಟ ಅದಾವಮ್ಮಾ, ಕೂಸಿಗಿ ಚುಚ್ಚತಾವ." "ಹುಚ್ಚಿ, ನಿನ್ನ ಹಡದಾಗ ನಾ ಕಬ್ಬ ಕಡ್ಯಾಕ ಹೋಗ್ತಿದ್ನಿ. ನನ್ನ ಅಂಗೈನೂ ಹಿಂಗ ಇದ್ದೂ. ನಾ ಮುಟ್ಟಿದ್ರ ನೀ ಎಂದಾದ್ರೂ ಅತ್ತೀಯೇನು?" ಎಂದಳು ರೋಷನಬಿ. ನಿಷತ ಮೆಲ್ಲಗೆ ಕೈ ತಿರುಗಿಸಿ, ಉಸಿರು ಬಿಗಿಹಿಡಿದು, ಕೂಸಿನ ಗಲ್ಲದ ಮೇಲೆ ಅಂಗೈ ಇಟ್ಟಳು. ಕೂಸು ಒಮ್ಮೆ ಆಕಳಿಸಿ, ಮತ್ತೆ ನಿದ್ದೆ ಹೋಯಿತು.