ಕುಂಟುನಾಯಿಗೆ ಸಿಕ್ಕ ಮೂರು ದಿನ

ಮದುವೆಯಾಗಿ ಶಿವಮೊಗ್ಗದಿಂದ ಭದ್ರಾವತಿಯ ಕ್ವಾರ್ಟರ್ಸಿಗೆ ಬಂದ ಹೊಸತರಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಅಡುಗೆಮನೆ, ಒಂದು ಕೋಣೆ, ಹಿಂದೊಂದು ಜಗಲಿ. ಅಷ್ಟರೊಳಗೆ ಅತ್ತೆಯ ಮಡಿ ಬೇರೆ. ಎತ್ತ ಕೈ ಚಾಚಿದರೂ ಅದು ಮುಟ್ಟಬೇಡ, ಇದು ಮುಟ್ಟಬೇಡ. ತಿಂಗಳಲ್ಲಿ ಮೂರು ದಿನ ಹೊರಗೆ ಕೂರುವಾಗ ಮಾತ್ರ ನನ್ನ ತಂಟೆಗೆ ಯಾರೂ ಬರುತ್ತಿರಲಿಲ್ಲ. ಚಾಪೆ, ತಟ್ಟೆ, ಚೊಂಬು ಹಿಡಿದು ಹಿಂದಿನ ಜಗಲಿಗೆ ಹೋದರೆ ಅದು ನನ್ನದೇ ರಾಜ್ಯ.

ಅಂಥ ಒಂದು ದಿನ ಆ ನಾಯಿ ಬಂತು. ಕಬ್ಬಿನ ಗಾಡಿಯ ಚಕ್ರ ಹಿಂಗಾಲಿನ ಮೇಲೆ ಹರಿದು ಪಾದ ಒಡೆದಿತ್ತು, ಕೀವು ಕಟ್ಟಿತ್ತು. ಕುಂಟುತ್ತ ಬಂದು, ಹೇಳದೆ ಕೇಳದೆ ನನ್ನ ಚಾಪೆಯ ತುದಿಯಲ್ಲಿ ಮಲಗಿತು. ಹೇಗೂ ಅದೂ ಮೈಲಿಗೆ, ನಾನೂ ಮೈಲಿಗೆ. ಪಕ್ಕದ ಮನೆಯಲ್ಲಿ ಲಾರಿ ಡ್ರೈವರೊಬ್ಬರ ಹೆಂಡತಿ ಇದ್ದರು, ಮುಸ್ಲಿಮರು. ಅವರು ಬೇವಿನೆಲೆ ಹಾಕಿ ನೀರು ಕಾಯಿಸಿ, ಗೋಡೆಯ ಮೇಲಿಂದ ಕೊಟ್ಟರು. ಆದರೆ ತಾವು ಮುಟ್ಟಲಿಲ್ಲ. "ನಾಯಿ ಮುಟ್ಟಿದ್ರೆ ನಂಗೆ ನಮಾಜಿಗೆ ಕಷ್ಟ ಮಾರಾಯ್ತಿ, ನೀನೇ ತೊಳಿ" ಎಂದರು. ತೊಳೆದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಸೀರೆ ಹರಿದು ಕಟ್ಟಿದೆ. ಮೂರನೆಯ ದಿನಕ್ಕೆ ಗಾಯ ಸ್ವಲ್ಪ ಒಣಗಿತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಹೋದೆ. ಅಲ್ಲಿಗೆ ಮುಗಿಯಿತು. ನಾಯಿ ಬರುತ್ತಿದ್ದುದು ನಾನು ಸ್ನಾನ ಮುಗಿಸಿ ಒಲೆ ಹಚ್ಚಿದ ಮೇಲೆ. ಮುಟ್ಟಿದರೆ ಮತ್ತೆ ಸ್ನಾನವಾಗಬೇಕು, ಅಷ್ಟು ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತಿರುತ್ತಿತ್ತು. ನಮ್ಮ ಯಜಮಾನರನ್ನು ಕೇಳೋಣವೆಂದರೆ ಅವರಿಗೆ ನಾಯಿ ಕಂಡರೆ ಪುಕ್ಕಲು. ಆ ಭಯವನ್ನು ಅಸಹ್ಯ ಎಂದು ಹೇಳಿಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಕಟ್ಟಿದ ಬಟ್ಟೆ ಕಳಚಿ ಬಿತ್ತು. ಕಾಲು ಮತ್ತೆ ಊದಿತು. ಅಡುಗೆಮನೆಯ ಕಿಟಕಿಯಿಂದ ಅದು ಗಾಯ ನೆಕ್ಕಿಕೊಳ್ಳುವುದನ್ನು ನೋಡುತ್ತ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೂ ನೆನಪಿರುತ್ತಿರಲಿಲ್ಲ.

ಅತ್ತೆ ಬೆಳಗ್ಗೆ ಸಂಜೆ ದೇವರ ಮುಂದೆ ಕೂತು ಸೊಸೆಗೆ ಈ ತಿಂಗಳಾದರೂ ನಿಲ್ಲಲಿ ಎಂದು ಬೇಡುತ್ತಿದ್ದರು. ಅವರ ಹಿಂದೆಯೇ ನಿಂತು ನಾನು ಬೇಗ ಹೊರಗಾಗಲಿ ಎಂದು ಬೇಡುತ್ತಿದ್ದೆ. ದೇವರು ಹಿರಿಯರ ಮಾತು ಕೇಳಿದ. ದಿನ ಮೀರಿತು, ವಾರವೂ ಮೀರಿತು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನಾಯಿ ಈಗ ಏಳುವುದನ್ನೇ ಬಿಟ್ಟಿತ್ತು. ಗಾಯದ ವಾಸನೆ ಒಳಗಿನವರೆಗೂ ಬರುತ್ತಿತ್ತು.

ಒಂದು ಬೆಳಗ್ಗೆ ಚಾಪೆ, ತಟ್ಟೆ, ಚೊಂಬು ತೆಗೆದುಕೊಂಡು ನಾನು ಹೊರಗೆ ಹೋಗಿ ಕೂತುಬಿಟ್ಟೆ. ಅದರಲ್ಲಿ ಇವತ್ತಿಗೂ ನನಗೆ ತಪ್ಪು ಕಾಣುವುದಿಲ್ಲ.

ಕಾಲು ತೊಳೆಯುತ್ತಿದ್ದಾಗ ಅತ್ತೆ ಹೊಸ್ತಿಲಿಗೆ ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬಾಗಿಲ ಚೌಕಟ್ಟು ಹಿಡಿದು, ಮುಖ ಆಚೆ ತಿರುಗಿಸಿ, "ಹೋಗ್ಲಿ ಬಿಡು, ಮುಂದಿನ ತಿಂಗಳು ನೋಡೋಣ" ಎಂದರು. ಅವರ ದನಿ ನಡುಗಿತು. ನಾನು ನಾಯಿಯ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ.

"ಅತ್ತೆ, ನಾನು ಹೊರಗಾಗಿಲ್ಲ" ಎಂದೆ. "ದಿನ ಮೀರಿದೆ. ಇದರ ಕಾಲು ಕಟ್ಟಕ್ಕೆ ಅಂತ ಕೂತ್ಕೊಂಡೆ."

ಅವರು ನನ್ನನ್ನು ನೋಡಿದರು, ನಾಯಿಯನ್ನು ನೋಡಿದರು. ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಹೊಸ್ತಿಲ ಮೇಲೆ ಕೂರಬಾರದು ಎಂದು ನನಗೆ ದಿನಾ ಹೇಳುತ್ತಿದ್ದವರು ಅವರೇ. ಸೆರಗಿನಿಂದ ಕಣ್ಣೊರೆಸಿಕೊಂಡು, ಕೊನೆಗೆ ಹೇಳಿದರು:

"ಇನ್ನು ಒಂಬತ್ತು ತಿಂಗಳು ನೀನು ಹೊರಗೆ ಕೂರೋ ಹಾಗಿಲ್ಲ. ಕಟ್ಟೋದನ್ನ ಸರಿಯಾಗಿ ಕಟ್ಟು. ಮೂರು ದಿನ ಮುಗಿಸ್ಕೊಂಡೇ ಒಳಗೆ ಬಾ."

ಅಷ್ಟು ದಿನ ಕಾದ ಸುದ್ದಿಯನ್ನು ಅವರು ಆ ಮೂರು ದಿನ ಮಗನಿಗೂ ಹೇಳದೆ ಬಾಯಿ ಬಿಗಿಹಿಡಿದುಕೊಂಡರು. ಮಧ್ಯಾಹ್ನ ಅವರು ಎಂದಿನಂತೆ ದೂರದಿಂದಲೇ ತಳ್ಳಿದ ತಟ್ಟೆಯಲ್ಲಿ ಮೂವರಿಗಾಗುವಷ್ಟು ಮೊಸರನ್ನವಿತ್ತು.