ಅಪ್ಪನ ಸ್ಕೂಟರು, ಆಂಟಿಯ ಟೈಮು

ಹಲಸೂರಿನಲ್ಲಿ ನಮ್ಮ ಎದುರುಮನೆಯ ಆಂಟಿಗೆ ಎಲ್ಲಕ್ಕೂ ಒಂದು ಟೈಮಿದೆ. ಆಂಗ್ಲೋ-ಇಂಡಿಯನ್ ಹೆಂಗಸು, ಶಾಲೆಯಲ್ಲಿ ಟೀಚರ್ ಆಗಿದ್ದು ರಿಟೈರ್ ಆದವರು. ಮನೆಯಲ್ಲಿ ಇರುವುದು ಅವರು ಮತ್ತು ಒಂದು ನಾಯಿ. ಆದರೂ ಸಂಜೆ ಗಟ್ಟಿಯಾಗಿ ಘೋಷಿಸುತ್ತಾರೆ, "ಟೈಮ್ ಫಾರ್ ಟೀ!" ಆಮೇಲೆ ನಾಯಿಯ ಕಡೆ ತಿರುಗಿ, "ಇಟ್ಸ್ ಟೈಮ್ ಫಾರ್ ಯುವರ್ ಬಾತ್" ಎನ್ನುತ್ತಾರೆ. ನಾಯಿಗೆ ಅಷ್ಟು ಇಂಗ್ಲಿಷ್ ಬರುತ್ತದೆ, ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಕಾವೇರಿ ನೀರು ತಡವಾಗಿ ಬಂದರೆ ನಲ್ಲಿಯನ್ನೇ ಗದರಿಸುತ್ತಾರೆ, "ಅಬೌಟ್ ಟೈಮ್!" ರಸ್ತೆಯ ಗುಂಡಿಯ ವಿಷಯ ಬಂದರಂತೂ ದನಿ ಏರಿ "ಹೈ ಟೈಮ್" ಆಗುತ್ತದೆ. "ಟೈಮ್ ಫಾರ್" ಬರೀ ಸುದ್ದಿ, "ಅಬೌಟ್ ಟೈಮ್" ಗೊಣಗಾಟ, "ಹೈ ಟೈಮ್" ಎಂದರೆ ನಿಮಗೆ ನಾಚಿಕೆಯಾಗಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುವುದು ನನಗೆ ಇಷ್ಟ.

ನಾನು ಬೆಳೆದ ಮನೆಯಲ್ಲಿ ಇದ್ದದ್ದು ಒಂದೇ ಮಾತು, ಅಮ್ಮನ "ಹೊತ್ತಾಯ್ತು". ಇನ್ನೂ ಹಾಲಿನವನು ಬಂದಿರುತ್ತಿರಲಿಲ್ಲ, ಅಮ್ಮನಿಗೆ ಆಗಲೇ ಹೊತ್ತಾಗಿರುತ್ತಿತ್ತು. ಕೆ.ಆರ್. ಪುರದ ಹತ್ತಿರ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದಾಗ ಅಪ್ಪನ ಶಿಫ್ಟಿಗೂ ಸೈರನ್ನಿಗಿಂತ ಮೊದಲು ಅವಳೇ ಕೂಗುತ್ತಿದ್ದಳು. ಅಪ್ಪ ಮಾತ್ರ ಆ ಮಾತನ್ನು ಒಮ್ಮೆಯೂ ಆಡಿದವರಲ್ಲ. ನಿಧಾನಕ್ಕೆ ತಲೆ ಬಾಚಿ, ಸ್ಕೂಟರಿನ ಸೀಟು ಒರೆಸಿ, "ಏನೂ ಆಗಿಲ್ಲ ಬಿಡೆ" ಎಂದು ಹೊರಡುತ್ತಿದ್ದರು. ಅಮ್ಮ ಹೋದ ಮೇಲೆ ಅವರು ಹಲಸೂರಿನ ನಮ್ಮ ಮನೆಗೆ ಬಂದರು. ಜೊತೆಗೆ ಬಂದದ್ದು ಒಂದು ಟ್ರಂಕು ಮತ್ತು ಆ ಸ್ಕೂಟರು.

ಪ್ರತಿ ಭಾನುವಾರ ಅಪ್ಪ ಅದರಲ್ಲೇ ಕೆ.ಆರ್. ಪುರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ತರಕಾರಿ ನೆಪ ಅಷ್ಟೆ. ಹಳೆಯ ಫ್ಯಾಕ್ಟರಿ ಸ್ನೇಹಿತರು ಅಲ್ಲಿ ಕಾಫಿಗೆ ಸೇರುತ್ತಾರೆ. ಹೋದ ವರ್ಷದ ಒಂದು ಭಾನುವಾರ ಬಂದವರೇ, ಆ ಸೆಕೆಯಲ್ಲಿ, ತುಂಬು ತೋಳಿನ ಅಂಗಿ ಹಾಕಿಕೊಂಡು ಕುಳಿತರು. ಊಟಕ್ಕೆ ಕೈ ತೊಳೆಯುವಾಗ ತೋಳು ಮೇಲೆ ಸರಿಯಿತು. ಮೊಣಕೈ ಪೂರ್ತಿ ತರಚಿತ್ತು. ಸೇತುವೆ ಹತ್ತಿರ ಬಸ್ಸೊಂದು ಪಕ್ಕಕ್ಕೆ ಬಂತಂತೆ. ಬಿದ್ರಾ ಎಂದು ಕೇಳಿದರೆ, "ಬೀಳ್ಲಿಲ್ಲ, ಕಾಲು ಊರಿದೆ" ಎಂದರು. ಅಂದಿನಿಂದ ಭಾನುವಾರ ಅವರು ಮರಳುವವರೆಗೆ ನಾನು ಬಾಲ್ಕನಿ ಬಿಟ್ಟು ಕದಲುತ್ತಿರಲಿಲ್ಲ.

ಸ್ಕೂಟರ್ ಬಿಡಿ ಎಂದು ಹೇಳಬೇಕಿತ್ತು. ಆದರೆ ನಮ್ಮಲ್ಲಿ ದೊಡ್ಡವರಿಗೆ ಮುಖ ನೋಡಿ ಹಾಗೆ ಹೇಳುವ ರೂಢಿಯಿಲ್ಲ. ಎಲ್ಲವನ್ನೂ ಸುತ್ತಿ ಬಳಸಿ ಹೇಳಬೇಕು, ಅವರಾಗಿಯೇ ಅರ್ಥ ಮಾಡಿಕೊಳ್ಳಬೇಕು. ನಾನು ಒಂದು ವಾರ ಮೆಟ್ರೋ ಕೆಲಸದಿಂದ ರಸ್ತೆ ಬಂದ್ ಎಂದೆ. ನನ್ನ ಗಂಡ ಇನ್ನೊಂದು ವಾರ ಗುಟ್ಟಾಗಿ ಪೆಟ್ರೋಲ್ ಇಳಿಸಿಟ್ಟರು. ಅಪ್ಪ ಮರುಮಾತಾಡದೆ ಬಾಟಲಿ ಹಿಡಿದು ಬಂಕಿಗೆ ನಡೆದರು. ಕೊನೆಗೆ ಗ್ಯಾರೇಜಿನವನಿಗೆ ಹೇಳಿಕೊಟ್ಟೆ. "ಇದರ ಪಾರ್ಟ್ಸ್ ಎಲ್ಲೂ ಸಿಗಲ್ಲ ಸರ್, ಇನ್ನು ಓಡ್ಸಕ್ಕಾಗಲ್ಲ" ಎಂದು ಅವನು ಗಿಣಿಪಾಠ ಒಪ್ಪಿಸಿದ. ಅಪ್ಪ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಪಾರ್ಟ್ಸ್ ಹುಡುಕಿ ತಂದು ಅವನ ಕೈಗಿಟ್ಟರು. ಆಮೇಲೆ ನನ್ನ ಜೊತೆ ಮಾತು ಕಡಿಮೆಯಾಯಿತು. ಊಟ ಆಯ್ತಾ ಎಂದರೆ ಹೂಂ, ಅಷ್ಟೆ.

ದಾರಿ ಕಾಣದೆ ಆಂಟಿಯ ಹತ್ತಿರ ಹೋದೆ. "ನೀವು ಹೇಳಿ ಆಂಟಿ, ನಿಮ್ ಮಾತು ಕೇಳ್ತಾರೆ" ಎಂದೆ. ಅವರು ಚಹಾ ಬಗ್ಗಿಸುತ್ತಾ ನನ್ನನ್ನೇ ನೋಡಿದರು.

"ನಾ ಯಾಕಮ್ಮ ಹೇಳ್ಬೇಕು? ಡಾಟರ್ ನೀನು. ನಾನು ಕಾರು ಓಡ್ಸೋದು ಬಿಡೋ ಟೈಮಲ್ಲಿ ನನ್ ಮಗ ಬಂದು ಪಕ್ಕದಲ್ಲಿ ಕೂತ್ಕೊಂಡ. 'ಮಮ್ಮಿ, ಇಟ್ಸ್ ಟೈಮ್' ಅಂದ. ಅಷ್ಟೇ. ಆಮೇಲೆ ಏನೂ ಮಾತಾಡ್ಲಿಲ್ಲ. ನಾನು ಅತ್ಬಿಟ್ಟೆ, ಅವನು ಸುಮ್ನೆ ಕೂತಿದ್ದ."

"ಅಷ್ಟೇನಾ?"

"ಅದೇ ಕಷ್ಟ ಚೈಲ್ಡ್. ಹೇಳ್ಬಿಟ್ಟು ಓಡ್ಬಾರ್ದು."

ಮನೆಗೆ ಬಂದು ಆ ಮಾತನ್ನು ಕನ್ನಡದಲ್ಲಿ ಹೇಳಿಕೊಂಡು ನೋಡಿದೆ. "ಅಪ್ಪ, ಕಾಲ ಬಂತು" ಎಂದರೆ ಯಮನ ಕೋಣದ ಗಂಟೆ ಕೇಳಿಸಿದ ಹಾಗಿರುತ್ತದೆ. ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಆಂಟಿ ಹೇಳಿಕೊಟ್ಟದ್ದು ಮಾತಲ್ಲ, ಪಕ್ಕದಲ್ಲಿ ಕೂರುವುದು ಎಂದು ಆಗ ತಿಳಿಯಿತು.

ಆಯುಧಪೂಜೆಯ ಬೆಳಗ್ಗೆ ಅಪ್ಪ ಗೇಟಿನ ಒಳಗೆ ಸ್ಕೂಟರ್ ತೊಳೆದು ನಿಲ್ಲಿಸಿದ್ದರು. ಅರಿಶಿನ, ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ. ಎರಡು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ಪೂಜೆ ಮುಗಿಸಿ ಗಾಡಿ ಸ್ಟಾರ್ಟ್ ಮಾಡಿ ಆ ಹಣ್ಣಿನ ಮೇಲೆ ಹತ್ತಿಸಿ, ಬೀದಿ ಒಂದು ಸುತ್ತು ಬರುವುದು ಅವರ ಪದ್ಧತಿ. ಹಿಂದಿನ ಸೀಟಿನಲ್ಲಿ ಆ ದಿನ ಅಮ್ಮ ಕೂರುತ್ತಿದ್ದಳು. ಅಪ್ಪ ಮೆಟ್ಟಿಲ ಮೇಲೆ ಕೂತು ಕರ್ಪೂರ ಆರುವುದನ್ನೇ ನೋಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅಪ್ಪ, ಇನ್ನು ಸ್ಕೂಟರ್ ಬೇಡ. ನಂಗೆ ತುಂಬಾ ಭಯ ಆಗುತ್ತೆ" ಎಂದೆ.

ಒಲೆಯ ಮೇಲೆ ಪಾಯಸ ಇದೆ ಎಂದು ಹೇಳಿ ಎದ್ದು ಹೋಗಲು ಕಾಲುಗಳು ತವಕಿಸಿದವು. ಹೋಗಲಿಲ್ಲ. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಗ್ಯಾರೇಜಿನವನ ಕೈಲಿ ಹೇಳಿಸ್ಬಾರ್ದಿತ್ತು ಕಣೆ" ಎಂದರು. "ನೀನ್ ಹೇಳಿದ್ರೆ ನಾನ್ ಕೇಳ್ತಿರ್ಲಿಲ್ವಾ? ಬಿದ್ದ ದಿನಾನೇ ನಂಗೂ ಗೊತ್ತಾಯ್ತು. ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ. ನೀವು ನೋಡಿದ್ರೆ ಪೆಟ್ರೋಲ್ ಕದೀತಿದ್ರಿ."

ಇಬ್ಬರೂ ನಕ್ಕೆವು. ಅವರು ಎದ್ದು ಹ್ಯಾಂಡಲ್ ಹಿಡಿದರು, ಕೀ ತಿರುಗಿಸಲಿಲ್ಲ. ನಾನು ಹಿಂದಿನ ಸೀಟಿಗೆ, ಅಮ್ಮ ಕೂರುತ್ತಿದ್ದಲ್ಲಿಗೆ, ಕೈಯೊತ್ತಿ ತಳ್ಳಿದೆ. ನಿಂಬೆಹಣ್ಣುಗಳು ಸಣ್ಣಗೆ ಸದ್ದು ಮಾಡಿ ಒಡೆದವು. ಎದುರುಮನೆಯ ಬಾಗಿಲಲ್ಲಿ ನಿಂತಿದ್ದ ಆಂಟಿ ಅಂದು ಏನನ್ನೂ ಕೂಗಲಿಲ್ಲ, ಕೈ ಎತ್ತಿದರು ಅಷ್ಟೆ. ಅಪ್ಪ ಕೀಯನ್ನು ದೇವರ ಮನೆಯಲ್ಲಿ ಇಟ್ಟು ಬಂದರು.

ಮುಂದಿನ ಭಾನುವಾರ ನಾನಿನ್ನೂ ಹಾಸಿಗೆಯಲ್ಲಿದ್ದೆ. ಬಾಗಿಲ ಬಳಿ ಚಪ್ಪಲಿಯ ಸದ್ದಾಯಿತು. ಅಪ್ಪ ತಲೆ ಬಾಚಿಕೊಂಡು, ತರಕಾರಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು. ಮೆಟ್ರೋದಲ್ಲಿ ನಾನು ಜೊತೆಗೆ ಬರುತ್ತೇನೆಂದು ಹಿಂದಿನ ದಿನ ಮಾತಾಗಿತ್ತು. ಹೊರಗೆ ಇನ್ನೂ ಸರಿಯಾಗಿ ಬೆಳಕೇ ಹರಿದಿರಲಿಲ್ಲ.

"ಏಳೇ," ಎಂದರು ಅಪ್ಪ. "ಹೊತ್ತಾಯ್ತು."